ಶಾಲಾಪೂರ್ವ ವಯಸ್ಸಿನ ದ್ವಿಭಾಷಿಕ ಮಕ್ಕಳು: ಆಲೋಚನಾ ಶಕ್ತಿ ಮತ್ತು ಎರಡನೆಯ ಭಾಷೆಯ ಕಲಿಕೆ

ಮೂರರಿಂದ ಆರು ವರ್ಷದವರೆಗಿನ ವಯಸ್ಸನ್ನು ಶಿಕ್ಷಣತಜ್ಞರು ಶಾಲಾಪೂರ್ವ ಹಂತವೆಂದು ಕರೆಯುತ್ತಾರೆ. ನಮ್ಮ ಮಹಾನಗರಗಳಲ್ಲಿ ಇದು ನರ್ಸರಿ, ಜೂನಿಯರ್ ಕೆ.ಜಿ., ಸೀನಿಯರ್ ಕೆ.ಜಿ.ಗಳ ಕಾಲ. ಹೊರನಾಡಿನಲ್ಲಿ ನೆಲೆಸಿದ ಕನ್ನಡ ಕುಟುಂಬದ ಮಗುವಿಗೆ ಹೊಸ್ತಿಲಿನಾಚೆಯ ಭಾಷೆ ಪೂರ್ಣ ಪ್ರಮಾಣದಲ್ಲಿ ಎದುರಾಗುವುದು ಇದೇ ಅವಧಿಯಲ್ಲಿ. ಮುಂಬಯಿ, ಪುಣೆಗಳಲ್ಲಿ ಮರಾಠಿ ಮತ್ತು ಹಿಂದಿ, ಚೆನ್ನೈಯಲ್ಲಿ ತಮಿಳು, ಹೈದರಾಬಾದಿನಲ್ಲಿ ತೆಲುಗು ಮತ್ತು ದಖನಿ, ದೆಹಲಿಯಲ್ಲಿ ಹಿಂದಿ. ಇವೆಲ್ಲದರ ಮೇಲೆ ಶಾಲೆಯ ಇಂಗ್ಲಿಷ್. ಪ್ರವೇಶದ ದಿನ ಪಾಲಕರನ್ನು ಕೂರಿಸಿಕೊಂಡು "ಇನ್ನು ಮೇಲೆ ಮನೆಯಲ್ಲಿಯೂ ಇಂಗ್ಲಿಷಿನಲ್ಲೇ ಮಾತನಾಡಿ, ಇಲ್ಲವಾದರೆ ಮಗುವಿಗೆ ಗೊಂದಲವಾಗುತ್ತದೆ" ಎಂದು ಸಲಹೆ ಕೊಡುವ ಶಾಲೆಗಳಿಗೆ ಕೊರತೆಯಿಲ್ಲ. ಅನೇಕ ಮನೆಗಳಲ್ಲಿ ಕನ್ನಡ ಹಿಂದೆ ಸರಿಯುವುದು ಆ ದಿನದಿಂದಲೇ. ಈ ಸಲಹೆಗೆ ಆಧಾರವಿದೆಯೇ? ಎರಡು ಭಾಷೆಗಳ ನಡುವೆ ಬೆಳೆಯುವ ಎಳೆಯ ಮಗುವಿನ ಆಲೋಚನೆಗೆ ಏನಾಗುತ್ತದೆ? ಸುಮಾರು ನೂರು ವರ್ಷಗಳಿಂದ ನಡೆದಿರುವ ಸಂಶೋಧನೆಯ ಮುಖ್ಯ ಸಂಗತಿಗಳನ್ನು ನಮ್ಮ ಓದುಗರಿಗಾಗಿ ಇಲ್ಲಿ ಸಂಗ್ರಹಿಸಲಾಗಿದೆ.

ಮೊದಲು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಹುಟ್ಟಿನಿಂದಲೇ ಎರಡು ಭಾಷೆಗಳನ್ನು ಕೇಳುತ್ತ ಬೆಳೆಯುವ ಮಕ್ಕಳು ಒಂದು ಬಗೆ. ಒಂದು ಭಾಷೆ ಬೇರೂರಿದ ಮೇಲೆ, ಮೂರನೆಯ ವರ್ಷದ ಸುಮಾರಿಗೆ, ಎರಡನೆಯದಕ್ಕೆ ಕಾಲಿಡುವ ಮಕ್ಕಳು ಇನ್ನೊಂದು ಬಗೆ. ತಂದೆ ತುಳು, ತಾಯಿ ಕನ್ನಡ ಆಡುವ ಮುಂಬಯಿಯ ಮನೆಗಳ ಮಕ್ಕಳು ಮೊದಲನೆಯ ಗುಂಪಿನವರು. ಮನೆಯಲ್ಲಿ ಕನ್ನಡವೊಂದನ್ನೇ ಕೇಳಿ, ಬಾಲವಾಡಿಗೆ ಹೋದ ಮೇಲೆ ಮರಾಠಿಯನ್ನೋ ಇಂಗ್ಲಿಷನ್ನೋ ಕಲಿಯುವವರು ಎರಡನೆಯ ಗುಂಪು. ಎರಡೂ ಸಹಜ ದಾರಿಗಳೇ. 2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು ಶೇ. 26ರಷ್ಟು ಜನ ಮಾತೃಭಾಷೆಯ ಜೊತೆಗೆ ಮತ್ತೊಂದು ಭಾಷೆಯನ್ನೂ ಬಲ್ಲವರು. ಹೀಗಿದ್ದೂ ಎರಡು ಭಾಷೆ ಎಂದೊಡನೆ ನಾವು ಅಂಜುವುದು ವಿಚಿತ್ರವೇ ಸರಿ.

ಹಳೆಯ ಅಂಜಿಕೆ

ಈ ಅಂಜಿಕೆಗೆ ಒಂದು ಇತಿಹಾಸವಿದೆ. 1923ರಲ್ಲಿ ಡಿ. ಜೆ. ಸೇರ್ ಎಂಬ ಸಂಶೋಧಕರು ಬ್ರಿಟನ್ನಿನ ವೇಲ್ಸ್ ಪ್ರಾಂತದ ಶಾಲಾಮಕ್ಕಳನ್ನು ಪರೀಕ್ಷಿಸಿ, ವೆಲ್ಷ್ ಮತ್ತು ಇಂಗ್ಲಿಷ್ ಎರಡನ್ನೂ ಆಡುವ ಹಳ್ಳಿಯ ಮಕ್ಕಳ ಬುದ್ಧ್ಯಂಕ ಕಡಿಮೆಯೆಂದು ವರದಿ ಮಾಡಿದರು. ಪಟ್ಟಣದ ಮಕ್ಕಳಲ್ಲಿ ಅಂಥ ಅಂತರ ಅವರಿಗೇ ಕಾಣಲಿಲ್ಲ. ಎಂದರೆ ಅಂತರ ಭಾಷೆಯದಲ್ಲ, ಬಡತನ ಮತ್ತು ಶಾಲಾ ಸೌಲಭ್ಯಗಳದು ಎಂಬ ಸುಳಿವು ಅಲ್ಲಿಯೇ ಇತ್ತು. ಆದರೂ ಮುಂದಿನ ಮೂರು ದಶಕಗಳ ಕಾಲ "ಎರಡು ಭಾಷೆ ಮಗುವಿನ ತಲೆಗೆ ಭಾರ" ಎಂಬ ಮಾತೇ ಪಠ್ಯಪುಸ್ತಕಗಳಲ್ಲಿ ನಡೆಯಿತು. ವಲಸೆ ಬಂದವರ ಮಕ್ಕಳಿಗೆ ಅವರಿಗೆ ಸರಿಯಾಗಿ ಬಾರದ ಭಾಷೆಯಲ್ಲಿ ಪರೀಕ್ಷೆ ಕೊಟ್ಟು, ಅಂಕ ಕಡಿಮೆ ಬಂದಾಗ ಮನೆಮಾತನ್ನು ದೂರುವುದು ಆ ಕಾಲದ ರೂಢಿಯಾಗಿತ್ತು.

1962ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಎಲಿಜಬೆತ್ ಪೀಲ್ ಮತ್ತು ವ್ಯಾಲೇಸ್ ಲ್ಯಾಂಬರ್ಟ್ ಪ್ರಕಟಿಸಿದ ಅಧ್ಯಯನದಿಂದ ಗಾಳಿ ತಿರುಗಿತು. ಒಂದೇ ಆರ್ಥಿಕ ಮಟ್ಟದ ಕುಟುಂಬಗಳಿಂದ ಬಂದ ಹತ್ತು ವರ್ಷದ ಮಕ್ಕಳನ್ನು ಹೋಲಿಸಿದಾಗ, ಫ್ರೆಂಚ್ ಮತ್ತು ಇಂಗ್ಲಿಷ್ ಎರಡನ್ನೂ ಸಮನಾಗಿ ಬಲ್ಲವರು ಮಾತಿನ ಪರೀಕ್ಷೆಗಳಲ್ಲಿಯೂ ಮಾತಿಲ್ಲದ ಪರೀಕ್ಷೆಗಳಲ್ಲಿಯೂ ಮುಂದಿದ್ದರು. ಎರಡು ಭಾಷೆಗಳಲ್ಲಿಯೂ ನಿಪುಣರಾದವರನ್ನೇ ಆರಿಸಿಕೊಂಡದ್ದರಿಂದ ಮೊದಲೇ ಚುರುಕಾದ ಮಕ್ಕಳು ಆ ಗುಂಪಿಗೆ ಸೇರಿರಬಹುದು ಎಂಬ ಆಕ್ಷೇಪಣೆ ಅನಂತರ ಬಂದಿತು. ಆ ಆಕ್ಷೇಪಣೆ ನ್ಯಾಯವಾದದ್ದೇ.

ಹೆಸರು ಬೇರೆ, ವಸ್ತು ಬೇರೆ

ಮೇಲೆ ಹೇಳಿದ್ದು ಶಾಲೆಗೆ ಹೋಗುವ ಮಕ್ಕಳ ಮಾತಾಯಿತು. ಇನ್ನೂ ಎಳೆಯ ಮಗುವಿನ ಮನಸ್ಸಿನಲ್ಲಿ ನಡೆಯುವುದನ್ನು ತಿಳಿಯಲು ಬೇರೆ ಬಗೆಯ ಪ್ರಯೋಗಗಳು ಬೇಕಾದವು.

ಚಿಕ್ಕ ಮಗುವಿಗೆ ಹೆಸರೂ ವಸ್ತುವೂ ಅಂಟಿಕೊಂಡೇ ಇರುತ್ತವೆ. ಸೂರ್ಯನಿಗೆ ಚಂದ್ರನೆಂದೂ ಚಂದ್ರನಿಗೆ ಸೂರ್ಯನೆಂದೂ ಹೆಸರಿಡಬಹುದೇ ಎಂದು ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಮಕ್ಕಳನ್ನು ಕೇಳುತ್ತಿದ್ದರು. ಹೆಚ್ಚಿನ ಎಳೆಯರ ಉತ್ತರ, ಸಾಧ್ಯವಿಲ್ಲ ಎಂಬುದೇ. ರಷ್ಯದ ವೈಗಾಟ್‌ಸ್ಕಿ 1934ರ ತಮ್ಮ ಗ್ರಂಥದಲ್ಲಿ, ಮತ್ತೊಂದು ಭಾಷೆಯನ್ನು ಕಲಿತಾಗ ಮಗುವಿಗೆ ತನ್ನ ಭಾಷೆಯೂ ಹಲವು ವ್ಯವಸ್ಥೆಗಳಲ್ಲಿ ಒಂದೆಂದು ಕಾಣತೊಡಗುತ್ತದೆ ಎಂದು ಬರೆದಿದ್ದರು. ಜರ್ಮನ್ ಮೂಲದ ವರ್ನರ್ ಲಿಯೋಪೋಲ್ಡ್ ಅಮೆರಿಕದಲ್ಲಿ ತಮ್ಮ ಮಗಳು ಹಿಲ್ಡೆಗಾರ್ಡಳ ಮಾತಿನ ದಿನಚರಿಯನ್ನು 1939ರಿಂದ 1949ರವರೆಗೆ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿದರು. ತಂದೆಯೊಡನೆ ಜರ್ಮನ್, ತಾಯಿಯೊಡನೆ ಇಂಗ್ಲಿಷ್ ಆಡುತ್ತಿದ್ದ ಆ ಮಗು ಕಥೆ ಕೇಳುವಾಗ ಅದದೇ ಪದಗಳೇ ಬೇಕೆಂದು ಹಟ ಹಿಡಿಯುತ್ತಿರಲಿಲ್ಲ. ಪದಕ್ಕಿಂತ ಅರ್ಥವನ್ನು ಹಿಡಿಯುತ್ತಿತ್ತು.

1972ರಲ್ಲಿ ಅನಿತಾ ಯಾಂಕೋ-ವೊರಾಲ್ ದಕ್ಷಿಣ ಆಫ್ರಿಕದಲ್ಲಿ, ಆಫ್ರಿಕಾನ್ಸ್ ಮತ್ತು ಇಂಗ್ಲಿಷ್ ಆಡುವ ಮಕ್ಕಳೊಡನೆ ಇದನ್ನೇ ಕ್ರಮಬದ್ಧವಾಗಿ ಪರೀಕ್ಷಿಸಿದರು. ಮೂರು ಪದಗಳನ್ನು ಕೊಟ್ಟು ಮೊದಲನೆಯದಕ್ಕೆ ಯಾವುದು ಹೆಚ್ಚು ಹೋಲುತ್ತದೆಂದು ಕೇಳುವುದು ಅವರ ವಿಧಾನ. ಕನ್ನಡದಲ್ಲಿ ಇದನ್ನು ಹೀಗೆ ಕಲ್ಪಿಸಿಕೊಳ್ಳಬಹುದು: ಕಲ್ಲು, ಕಣ್ಣು, ಬಂಡೆ. ಕಲ್ಲಿಗೆ ಹೋಲುವುದು ಕಣ್ಣೋ ಬಂಡೆಯೋ? ನಾದಕ್ಕೆ ಮರುಳಾಗುವ ಮಗು ಕಣ್ಣು ಎನ್ನುತ್ತದೆ, ಅರ್ಥವನ್ನು ನೋಡುವ ಮಗು ಬಂಡೆ ಎನ್ನುತ್ತದೆ. ನಾಲ್ಕರಿಂದ ಆರು ವರ್ಷದೊಳಗಿನ ದ್ವಿಭಾಷಿಕ ಮಕ್ಕಳು ಏಕಭಾಷಿಕರಿಗಿಂತ ಹೆಚ್ಚಾಗಿ ಅರ್ಥದ ಕಡೆಗೆ ಒಲಿದರು.

ಟೊರಾಂಟೊದ ಯಾರ್ಕ್ ವಿಶ್ವವಿದ್ಯಾಲಯದ ಎಲೆನ್ ಬಿಯಾಲಿಸ್ಟಾಕ್ ಅವರ 1999ರ ಪ್ರಯೋಗವೂ ಪ್ರಸಿದ್ಧವಾದದ್ದು. ಕೆಂಪು ಮತ್ತು ನೀಲಿ ಬಣ್ಣದ, ವೃತ್ತ ಮತ್ತು ಚೌಕದ ಆಕಾರದ ಚೀಟಿಗಳನ್ನು ಮೊದಲು ಬಣ್ಣದ ಪ್ರಕಾರ ಬೇರ್ಪಡಿಸಲು ಹೇಳಿ, ನಡುವೆ ನಿಯಮವನ್ನು ಬದಲಿಸಿ ಆಕಾರದ ಪ್ರಕಾರ ಬೇರ್ಪಡಿಸಲು ಹೇಳುವುದು. ಹೊಸ ನಿಯಮವನ್ನು ಬಾಯಲ್ಲಿ ಒಪ್ಪಿಕೊಂಡರೂ ಕೈ ಮಾತ್ರ ಹಳೆಯ ನಿಯಮವನ್ನೇ ಅನುಸರಿಸುವುದು ಈ ವಯಸ್ಸಿನ ಮಕ್ಕಳ ಸ್ವಭಾವ. ಚೀನೀ ಮತ್ತು ಇಂಗ್ಲಿಷ್ ಆಡುವ ಮಕ್ಕಳು ಈ ಬದಲಾವಣೆಯನ್ನು ಹೆಚ್ಚು ಸಲೀಸಾಗಿ ಮಾಡಿದರು. ಒಂದು ಭಾಷೆಯಲ್ಲಿ ಮಾತನಾಡುವಾಗ ಇನ್ನೊಂದನ್ನು ತಡೆಹಿಡಿಯುವ ನಿತ್ಯದ ಅಭ್ಯಾಸವೇ ಇದಕ್ಕೆ ಕಾರಣವಿರಬೇಕೆಂದು ಅವರು ವಾದಿಸಿದರು.

ಇವೆಲ್ಲಕ್ಕಿಂತ ಹೆಚ್ಚು ಮನಸ್ಸಿಗೆ ಹಿಡಿಸುವುದು 2015ರಲ್ಲಿ ಷಿಕಾಗೋದಿಂದ ಪ್ರಕಟವಾದ ಒಂದು ಅಧ್ಯಯನ. ನಾಲ್ಕರಿಂದ ಆರು ವರ್ಷದ 72 ಮಕ್ಕಳನ್ನು ಅದಕ್ಕೆ ಆರಿಸಿಕೊಂಡಿದ್ದರು. ಮಗುವಿನ ಮುಂದೆ ಸಣ್ಣದು, ಮಧ್ಯಮ, ದೊಡ್ಡದು ಹೀಗೆ ಮೂರು ಆಟದ ಕಾರುಗಳು. ಎದುರು ಕುಳಿತ ದೊಡ್ಡವರಿಗೆ ಅತಿ ಸಣ್ಣ ಕಾರು ಮರೆಯಾಗಿದೆ, ಮತ್ತು ಅದು ಮಗುವಿಗೆ ತಿಳಿದಿದೆ. ಅವರು "ಸಣ್ಣ ಕಾರನ್ನು ಸರಿಸು" ಎಂದರೆ ಅವರಿಗೆ ಕಾಣುವ ಸಣ್ಣದನ್ನು, ಎಂದರೆ ಮಧ್ಯಮ ಕಾರನ್ನು ಸರಿಸಬೇಕು. ಏಕಭಾಷಿಕ ಮಕ್ಕಳಲ್ಲಿ ಸುಮಾರು ಅರ್ಧ ಜನ ಮಾತ್ರ ಇದನ್ನು ಗ್ರಹಿಸಿದರು. ದ್ವಿಭಾಷಿಕರು ಹೆಚ್ಚು ಯಶಸ್ವಿಯಾದರು. ಇಲ್ಲಿ ಮೂರನೆಯ ಗುಂಪೊಂದಿತ್ತು. ಎರಡನೆಯ ಭಾಷೆಯನ್ನು ಸ್ವತಃ ಆಡಲು ಬಾರದ, ಆದರೆ ಸುತ್ತಲೂ ಅದನ್ನು ಕೇಳುತ್ತ ಬೆಳೆದ ಮಕ್ಕಳು. ಅವರೂ ದ್ವಿಭಾಷಿಕರಷ್ಟೇ ಚೆನ್ನಾಗಿ ಮಾಡಿದರು. ಯಾರಿಗೆ ಯಾವ ಮಾತು ಅರ್ಥವಾಗುತ್ತದೆ, ಯಾರಿಗೆ ಆಗುವುದಿಲ್ಲ ಎಂಬುದನ್ನು ದಿನವೂ ಗಮನಿಸುವ ಮಗುವಿಗೆ ಪರರ ದೃಷ್ಟಿಯಿಂದ ನೋಡುವುದು ರೂಢಿಯಾಗುತ್ತದೆ ಎಂಬುದು ಸಂಶೋಧಕರ ವಿವರಣೆ. ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆ ಮೊಮ್ಮಗು ಹಿಂದಿಯಲ್ಲಿ ಉತ್ತರಿಸುವ ಮನೆಗಳಲ್ಲಿ "ಇನ್ನು ಕನ್ನಡದಲ್ಲಿ ಮಾತನಾಡಿ ಏನು ಫಲ" ಎಂದು ಅಜ್ಜಿ ಸುಮ್ಮನಾಗುವುದಿದೆ. ಸುಮ್ಮನಾಗಬೇಕಾದ ಕಾರಣವಿಲ್ಲ.

ಅನುಮಾನಗಳು

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಓದುಗರಿಗೆ ಅರ್ಧ ಸತ್ಯವನ್ನು ಕೊಟ್ಟಂತಾಗುತ್ತದೆ. ಎರಡು ಭಾಷೆಯ ಮಗು ಹೆಚ್ಚು ಬುದ್ಧಿವಂತ ಎಂಬ ಮಾತು ಪತ್ರಿಕೆಗಳಲ್ಲಿ ಹರಡಿದಷ್ಟು ವೇಗವಾಗಿ ಪ್ರಯೋಗಶಾಲೆಗಳಲ್ಲಿ ದೃಢಪಡಲಿಲ್ಲ. 2014ರಲ್ಲಿ ಸ್ಪೇನಿನಲ್ಲಿ 500ಕ್ಕೂ ಹೆಚ್ಚು ಶಾಲಾಮಕ್ಕಳನ್ನು ಪರೀಕ್ಷಿಸಿದಾಗ ಗಮನ ನಿಯಂತ್ರಣದಲ್ಲಿ ಅಂತರ ಕಾಣಲಿಲ್ಲ. 2019ರಲ್ಲಿ ಅಮೆರಿಕದ 9-10 ವರ್ಷದ 4,524 ಮಕ್ಕಳ ಮಾಹಿತಿಯನ್ನು ಪರಿಶೀಲಿಸಿದವರಿಗೂ ಅಂಥ ಲಾಭ ಸಿಗಲಿಲ್ಲ. 2021ರಲ್ಲಿ, 3ರಿಂದ 17 ವರ್ಷದವರ ಕುರಿತಾದ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಮರ್ಶೆ, ಲಾಭ ತೋರಿಸಿದ ಪ್ರಯೋಗಗಳೇ ಹೆಚ್ಚಾಗಿ ಪ್ರಕಟವಾಗುವ ಪಕ್ಷಪಾತವನ್ನು ಕಳೆದರೆ ಉಳಿಯುವ ಅಂತರ ನಗಣ್ಯವೆಂದಿತು.

ಆದ್ದರಿಂದ ಮಗು ಚುರುಕಾಗಲಿ ಎಂಬ ಲೆಕ್ಕಾಚಾರದಿಂದ ಕನ್ನಡ ಕಲಿಸಲು ಹೊರಡುವವರಿಗೆ ನಿರಾಸೆಯಾದೀತು. ಆದರೆ ಈ ಎಲ್ಲ ವಾದವಿವಾದಗಳ ನಡುವೆ ಎರಡೂ ಪಕ್ಷದವರು ಒಪ್ಪುವ ಸಂಗತಿಯೊಂದಿದೆ: ಎರಡನೆಯ ಭಾಷೆಯಿಂದ ಮಗುವಿನ ಬುದ್ಧಿಗೆ ಹಾನಿಯಿಲ್ಲ. ನರ್ಸರಿಯಲ್ಲಿ ಕೊಡುವ ಸಲಹೆ ಕುಸಿಯುವುದು ಇಲ್ಲಿಯೇ. ಲಾಭದ ಪ್ರಮಾಣದ ಬಗ್ಗೆ ಚರ್ಚೆ ಇರಬಹುದು. ಗೊಂದಲವಾಗುತ್ತದೆ ಎಂಬುದಕ್ಕೆ ಪುರಾವೆಯಿಲ್ಲ.

ನಮ್ಮ ದೇಶದ ಎರಡು ಅಧ್ಯಯನಗಳನ್ನು ಇಲ್ಲಿ ಹೆಸರಿಸಬೇಕು. ಒಡಿಶಾದ ಫುಲಬಾನಿ ಪ್ರದೇಶದ ಕೊಂಧ ಬುಡಕಟ್ಟಿನಲ್ಲಿ ಕೆಲವು ಊರಿನವರು ತಮ್ಮ ಕುಯಿ ಭಾಷೆಯನ್ನೂ ಒಡಿಯಾವನ್ನೂ ಆಡುತ್ತಾರೆ. ಕೆಲವು ಊರಿನವರು ಕುಯಿಯನ್ನು ಬಿಟ್ಟು ಒಡಿಯಾವೊಂದನ್ನೇ ಉಳಿಸಿಕೊಂಡಿದ್ದಾರೆ. ಸಂಸ್ಕೃತಿ, ಸಂಪತ್ತು ಎಲ್ಲವೂ ಹೆಚ್ಚುಕಡಿಮೆ ಒಂದೇ. ಇಂಥ ಹೋಲಿಕೆ ಪಶ್ಚಿಮದ ದೇಶಗಳಲ್ಲಿ ಸುಲಭವಾಗಿ ಸಿಗುವಂಥದಲ್ಲ. ಅಜಿತ್ ಮೊಹಾಂತಿ ಅವರು ಈ ಮಕ್ಕಳನ್ನು ವರ್ಷಗಟ್ಟಲೆ ಅಭ್ಯಸಿಸಿ, ಎರಡು ಭಾಷೆಯವರು ಭಾಷೆಯ ಕುರಿತು ಯೋಚಿಸುವ ಶಕ್ತಿಯಲ್ಲಿ ಮುಂದಿರುವುದನ್ನು ಕಂಡರು. ಅವರ ಗ್ರಂಥವನ್ನು 1994ರಲ್ಲಿ ಪ್ರಕಟಿಸಿದ್ದು ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ. ಇನ್ನೊಂದು ಅಧ್ಯಯನ ಮಕ್ಕಳದಲ್ಲ, ವೃದ್ಧರದು. ಹೈದರಾಬಾದಿನ ನಿಜಾಮ್ಸ್ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ಮಂದಿ ಮರೆಗುಳಿ ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ವರದಿಯಂತೆ, ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅಕ್ಷರ ಬಾರದವರಲ್ಲಿಯೂ ಈ ಅಂತರವಿತ್ತು.

ನಾವು ಎಂದರೆ ಯಾರು?

ಪ್ರಯೋಗಗಳಾಚೆ, ನಮ್ಮ ಮಕ್ಕಳು ನಿಜವಾಗಿ ದಾಟುವ ಭಾಷೆಗಳನ್ನೇ ನೋಡಿದರೆ ಆಲೋಚನೆಗೆ ಸಿಗುವ ಮೇವು ಎಷ್ಟೆಂಬುದು ತಿಳಿಯುತ್ತದೆ. ಕನ್ನಡದಲ್ಲಿ "ನಾವು" ಎಂಬುದು ಒಂದೇ. "ನಾವು ನಾಳೆ ಮಾತುಂಗಾಕ್ಕೆ ಹೋಗುತ್ತೇವೆ" ಎಂದಾಗ ಕೇಳುವವನೂ ಬರುತ್ತಾನೋ ಇಲ್ಲವೋ ಎಂಬುದು ಆ ಪದದಿಂದ ತಿಳಿಯದು. ಮರಾಠಿಯಲ್ಲಿ ಕೇಳುವವನನ್ನೂ ಸೇರಿಸಿಕೊಂಡರೆ "ಆಪಣ್", ಬಿಟ್ಟರೆ "ಆಮ್ಹೀ". ತೆಲುಗಿನಲ್ಲಿ "ಮನಂ" ಮತ್ತು "ಮೇಮು", ತಮಿಳಿನಲ್ಲಿ "ನಾಮ್" ಮತ್ತು "ನಾಂಗಳ್". ತುಳುವಿನ ಮನೆಯ ಮಗುವಿಗೆ "ನಮ" ಮತ್ತು "ಎಂಕುಲು" ಮೊದಲೇ ಗೊತ್ತು, ಆದ್ದರಿಂದ ಮರಾಠಿಯ ಈ ಭೇದ ಅದಕ್ಕೆ ಹಳೆಯ ಪರಿಚಯದಂತೆ. ಕನ್ನಡವೊಂದನ್ನೇ ಬಲ್ಲ ಮಗು ಮಾತ್ರ, ಮಾತನಾಡುವ ಮೊದಲು "ಇವನು ನಮ್ಮೊಡನೆ ಇದ್ದಾನೆಯೇ" ಎಂದು ಯೋಚಿಸುವುದನ್ನು ಹೊಸದಾಗಿ ಕಲಿಯಬೇಕು. ನಾಲ್ಕು ವರ್ಷದವರು ಇದನ್ನು ಯಾರೂ ಹೇಳಿಕೊಡದೆ ಆಟದಂಗಳದಲ್ಲಿ ಕಲಿಯುತ್ತಾರೆ. ನಲವತ್ತು ವರ್ಷ ಮುಂಬಯಿಯಲ್ಲಿದ್ದ ಹಿರಿಯರು ಈಗಲೂ ತಪ್ಪುವುದುಂಟು.

ಲಿಂಗದ ವಿಷಯವೂ ಹಾಗೆಯೇ. ಕನ್ನಡದಲ್ಲಿ ವಸ್ತುಗಳೆಲ್ಲ "ಅದು". ಅದೇ "ಪುಸ್ತಕ" ಎಂಬ ಪದ ಮರಾಠಿಯಲ್ಲಿ ನಪುಂಸಕ, ಹಿಂದಿಯಲ್ಲಿ ಸ್ತ್ರೀಲಿಂಗ. ಹಿಂದಿಯಲ್ಲಿ ಬಾಗಿಲು ಪುಲ್ಲಿಂಗ, ಕಿಟಕಿ ಸ್ತ್ರೀಲಿಂಗ. ತೆಲುಗಿನಲ್ಲಿ ಹೆಂಗಸು ಬಂದರೂ ಬಸ್ಸು ಬಂದರೂ ಏಕವಚನದ ಕ್ರಿಯಾಪದ ಒಂದೇ, "ವಚ್ಚಿಂದಿ". ಇದರಲ್ಲಿ ತರ್ಕವನ್ನು ಹುಡುಕುವ ಮಗು, ಭಾಷೆಯ ಕಟ್ಟಳೆ ಬೇರೆ ಲೋಕದ ಕಟ್ಟಳೆ ಬೇರೆ ಎಂಬುದನ್ನು ಬೇಗನೆ ಗ್ರಹಿಸುತ್ತದೆ. ವೈಗಾಟ್‌ಸ್ಕಿ ಹೇಳಿದ್ದೂ ಇದನ್ನೇ.

ಇಪ್ಪತ್ತೊಂದು ಮತ್ತು ಏಕವೀಸ್

ಎಣಿಕೆಯ ವಿಷಯವನ್ನು ಬ್ಯಾಂಕಿನ ನೌಕರನಾದ ನಾನು ಸ್ವಲ್ಪ ವಿಸ್ತಾರವಾಗಿ ಬರೆದರೆ ಓದುಗರು ಮನ್ನಿಸಬೇಕು. ಕನ್ನಡದ ಸಂಖ್ಯಾಪದಗಳು ಪಾರದರ್ಶಕವಾದವು. ಇಪ್ಪತ್ತರ ಮುಂದೆ ಒಂದು ಬಂದರೆ ಇಪ್ಪತ್ತೊಂದು, ಒಂಬತ್ತು ಬಂದರೆ ಇಪ್ಪತ್ತೊಂಬತ್ತು. ಹತ್ತರ ಹೆಸರುಗಳನ್ನು ಬಲ್ಲ ಮಗು ತೊಂಬತ್ತೊಂಬತ್ತರವರೆಗೆ ತಾನೇ ಕಟ್ಟಿಕೊಳ್ಳಬಲ್ಲದು. ಬರೆಯುವಾಗ ಮೊದಲು 2, ಅನಂತರ 1. ಹೇಳುವಾಗಲೂ ಅದೇ ಕ್ರಮ. ತಮಿಳು, ತೆಲುಗುಗಳಲ್ಲಿಯೂ ಹೀಗೆಯೇ. ಮರಾಠಿಯಲ್ಲಿ ಇಪ್ಪತ್ತೊಂದು "ಏಕವೀಸ್", ಎಂದರೆ ಒಂದು ಮೊದಲು, ಇಪ್ಪತ್ತು ಆಮೇಲೆ. ಇಪ್ಪತ್ತೊಂಬತ್ತು "ಏಕೋಣತೀಸ್", ಮೂವತ್ತಕ್ಕೆ ಒಂದು ಕಡಿಮೆ. ಹಿಂದಿಯಲ್ಲಿ "ಇಕ್ಕೀಸ್", "ಉನತೀಸ್". ಅಲ್ಲಿ ನೂರರವರೆಗೆ ಹೆಚ್ಚುಕಡಿಮೆ ಪ್ರತಿಯೊಂದು ಸಂಖ್ಯೆಯ ಹೆಸರನ್ನೂ ಬಾಯಿಪಾಠ ಮಾಡಬೇಕು.

ಇದರ ಪರಿಣಾಮ ಎಳೆಯರ ಲೆಕ್ಕದ ಮೇಲೆ ಆಗುತ್ತದೆಯೇ? ಕೆವಿನ್ ಮಿಲ್ಲರ್ ಮತ್ತು ಸಂಗಡಿಗರು 1995ರಲ್ಲಿ ಚೀನಾ ಮತ್ತು ಅಮೆರಿಕದ ಶಾಲಾಪೂರ್ವ ಮಕ್ಕಳನ್ನು ಹೋಲಿಸಿದರು. ಹತ್ತರವರೆಗೆ ಇಬ್ಬರೂ ಸಮ. ಹನ್ನೊಂದರಿಂದ ಮುಂದೆ, "ಹತ್ತು ಒಂದು, ಹತ್ತು ಎರಡು" ಎಂದು ಎಣಿಸುವ ಚೀನೀ ಮಕ್ಕಳು ಮುಂದೆ ಹೋದರೆ, ಇಲೆವೆನ್, ಟ್ವೆಲ್ವ್ ಎಂಬ ಒಡೆಯಲಾಗದ ಪದಗಳಲ್ಲಿ ಇಂಗ್ಲಿಷಿನ ಮಕ್ಕಳು ಎಡವಿದರು. ಮಹಾರಾಷ್ಟ್ರದಲ್ಲಿ 2019ರಲ್ಲಿ ಬಾಲಭಾರತಿಯ ಎರಡನೆಯ ತರಗತಿಯ ಗಣಿತ ಪುಸ್ತಕ "ವೀಸ್ ಏಕ್" ಎಂಬ ಹೊಸ ಕ್ರಮವನ್ನು ತಂದಾಗ ಎದ್ದ ಕೋಲಾಹಲ ಮುಂಬಯಿ, ಪುಣೆಯ ಓದುಗರಿಗೆ ನೆನಪಿರಬಹುದು. ಪರಂಪರೆಗೆ ಧಕ್ಕೆಯೆಂದು ಕೆಲವರು, ಮಕ್ಕಳಿಗೆ ಸುಲಭವೆಂದು ಕೆಲವರು ವಾದಿಸಿದರು. ಅವರು ಹೊಸದಾಗಿ ತರಹೊರಟ ಕ್ರಮ ನಮ್ಮ ಅಡುಗೆಮನೆಯಲ್ಲಿ ತಲೆಮಾರುಗಳಿಂದ ಇದೆ. ಮೆಟ್ಟಿಲುಗಳನ್ನೋ ಹುರುಳಿಕಾಯಿಗಳನ್ನೋ ಕನ್ನಡದಲ್ಲಿ ಎಣಿಸಿ ಹತ್ತು ಮತ್ತು ಬಿಡಿಯ ಸಂಬಂಧವನ್ನು ತಿಳಿದ ಮಗುವಿಗೆ, ಏಕವೀಸ್ ಎಂಬುದು ಅದೇ ಇಪ್ಪತ್ತೊಂದರ ಇನ್ನೊಂದು ಹೆಸರು ಮಾತ್ರ. ಪರಿಕಲ್ಪನೆಯನ್ನು ಎರಡು ಸಲ ಕಲಿಯಬೇಕಾಗಿಲ್ಲ. ಕೆನಡಾದ ಜಿಮ್ ಕಮಿನ್ಸ್ 1970ರ ದಶಕದಲ್ಲಿ ಮಂಡಿಸಿದ ಪರಸ್ಪರಾವಲಂಬನೆಯ ಸಿದ್ಧಾಂತದ ತಿರುಳು ಇದೇ: ಮನೆಮಾತಿನಲ್ಲಿ ಗಟ್ಟಿಯಾದ ತಿಳಿವಳಿಕೆ ಎರಡನೆಯ ಭಾಷೆಗೆ ತಾನಾಗಿ ದಾಟುತ್ತದೆ.

ಮೌನದ ತಿಂಗಳುಗಳು

ಶಾಲೆಗೆ ಸೇರಿದ ಹೊಸದರಲ್ಲಿ ಮಗು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬಾಯಿ ಬಿಡುವುದಿಲ್ಲ. ಪಾಲಕರು ಹೆದರುವುದೂ ಶಾಲೆಯವರು ಮನೆಮಾತನ್ನು ದೂರುವುದೂ ಆಗಲೇ. ಪ್ಯಾಟನ್ ಟೇಬರ್ಸ್ 1997ರ ತಮ್ಮ ಪುಸ್ತಕದಲ್ಲಿ ಇದರ ಹಂತಗಳನ್ನು ವಿವರಿಸಿದ್ದಾರೆ. ಮೊದಲು ಮಗು ಎಲ್ಲರೊಡನೆಯೂ ತನ್ನ ಮನೆಮಾತನ್ನೇ ಆಡಿನೋಡುತ್ತದೆ. ಅದು ಫಲಿಸದಿದ್ದಾಗ ಮೌನಿಯಾಗಿ ಕೇಳಿಸಿಕೊಳ್ಳುತ್ತದೆ. ಆಮೇಲೆ ಒಂದೆರಡು ಪದಗಳ, ಬಾಯಿಪಾಠದ ತುಣುಕುಗಳ ಮಾತು. ಕೊನೆಗೆ ಸ್ವಂತ ವಾಕ್ಯಗಳು. ಮೌನದಲ್ಲಿಯೂ ಕಲಿಕೆ ನಡೆದಿರುತ್ತದೆ. ಆ ಸಮಯದಲ್ಲಿ ಮಗುವಿಗೆ ಧಾರಾಳವಾಗಿ ಮಾತನಾಡಲು ಸಿಗುವ ಒಂದೇ ಭಾಷೆಯನ್ನು ಮನೆಯಿಂದಲೂ ತೆಗೆದುಬಿಟ್ಟರೆ ಉಳಿಯುವುದೇನು?

ಒಂದೇ ವಾಕ್ಯದಲ್ಲಿ ಎರಡು ಭಾಷೆ ಬೆರೆಸುವುದನ್ನೂ ಗೊಂದಲದ ಲಕ್ಷಣವೆಂದು ತಿಳಿಯುವವರಿದ್ದಾರೆ. ಎರಡು ವರ್ಷದ ಮಗುವೂ ಯಾರೊಡನೆ ಯಾವ ಭಾಷೆ ಎಂಬುದನ್ನು ಬಹುಮಟ್ಟಿಗೆ ಅರಿತು ಮಾತನಾಡುತ್ತದೆ ಎಂಬುದು ಈಗ ಸ್ಥಿರಪಟ್ಟ ಸಂಗತಿ. ಬೇಕಾದ ಪದ ಒಂದು ಭಾಷೆಯಲ್ಲಿ ಸಿಗದಿದ್ದಾಗ ಇನ್ನೊಂದರಿಂದ ಎರವಲು ಪಡೆಯುತ್ತದೆ, ಅಷ್ಟೆ. ದೊಡ್ಡವರಾದ ನಾವೂ ದಿನವೂ ಮಾಡುವುದು ಅದನ್ನೇ.

ಶಬ್ದಭಂಡಾರ ಕಡಿಮೆ ಎಂಬ ದೂರಿನಲ್ಲಿ ಸ್ವಲ್ಪ ಸತ್ಯವಿದೆ. ಯಾವುದಾದರೂ ಒಂದೇ ಭಾಷೆಯಲ್ಲಿ ಅಳೆದರೆ ದ್ವಿಭಾಷಿಕ ಮಗುವಿನ ಪದಗಳು ಏಕಭಾಷಿಕನಿಗಿಂತ ಕಡಿಮೆ ಇರುವುದುಂಟು. ಬಾರ್ಬರಾ ಪಿಯರ್ಸನ್ ಮತ್ತು ಸಂಗಡಿಗರು 1993ರಲ್ಲಿ ಮಯಾಮಿಯ ಸ್ಪ್ಯಾನಿಷ್-ಇಂಗ್ಲಿಷ್ ಶಿಶುಗಳ ಎರಡೂ ಭಾಷೆಗಳ ಪದಗಳನ್ನು ಕೂಡಿಸಿ ನೋಡಿದಾಗ ಅವರು ಹಿಂದುಳಿದಿರಲಿಲ್ಲ. ಎರಡು ಶಾಖೆಗಳಲ್ಲಿ ಖಾತೆಯಿರುವ ಗ್ರಾಹಕನ ಒಂದೇ ಪಾಸ್‌ಬುಕ್ ನೋಡಿ ಅವನನ್ನು ಬಡವನೆಂದು ನಿರ್ಧರಿಸಿದರೆ ಹೇಗೋ ಹಾಗೆ.

ಧ್ವನಿಗಳ ವಿಷಯದಲ್ಲಿ ಮಾತ್ರ ಕಾಲ ಯಾರಿಗೂ ಕಾಯುವುದಿಲ್ಲ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ತೋರಿಸಿದಂತೆ, ಇಂಗ್ಲಿಷ್ ಮನೆಗಳ ಆರೇಳು ತಿಂಗಳ ಕೂಸುಗಳು ಹಿಂದಿಯ ತ ಮತ್ತು ಟ ಬಗೆಯ ಧ್ವನಿಗಳ ಭೇದವನ್ನು ಗುರುತಿಸುತ್ತವೆ. ವರ್ಷ ತುಂಬುವ ಹೊತ್ತಿಗೆ ಆ ಶಕ್ತಿ ಕುಂದುತ್ತದೆ. ದೆಹಲಿಯಲ್ಲಿ ಬೆಳೆಯುವ ಕನ್ನಡದ ಮಗುವಿಗೆ ಅಪಾಯವಿರುವುದು ಹಿಂದಿಯಲ್ಲಿಲ್ಲದ ಳಕಾರಕ್ಕೆ ಮತ್ತು ಹ್ರಸ್ವವಾದ ಎ, ಒಗಳಿಗೆ. ಹಳ್ಳಿ ಹೋಗಿ ಹಲ್ಲಿಯಾಗುತ್ತದೆ, ಕೊಡು ಹೋಗಿ ಕೋಡಾಗುತ್ತದೆ. ತೊಟ್ಟಿಲಿನಿಂದಲೇ ಈ ಧ್ವನಿಗಳನ್ನು ಕೇಳಿದ್ದರೆ ಸಮಸ್ಯೆ ಬಾರದು. ಇದಕ್ಕೆ ಟಿ.ವಿ., ಮೊಬೈಲುಗಳು ಸಾಕೇ? ಪೆಟ್ರೀಷಿಯಾ ಕೂಲ್ 2003ರಲ್ಲಿ ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳಿಗೆ ಹನ್ನೆರಡು ಬಾರಿ ಮ್ಯಾಂಡರಿನ್ ಕೇಳಿಸಿದರು. ಎದುರು ಕುಳಿತು ಆಡಿಸಿದವರಿಂದ ಕೂಸುಗಳು ಆ ಧ್ವನಿಗಳನ್ನು ಕಲಿತವು. ಅದೇ ಜನ, ಅದೇ ಮಾತು ಪರದೆಯ ಮೇಲೆ ಬಂದಾಗ ಏನನ್ನೂ ಕಲಿಯಲಿಲ್ಲ.

ಕಳೆದುಹೋಗುವ ಭಾಷೆ

ಒಂದು ಭಾಷೆಯ ಮೇಲೆ ಇನ್ನೊಂದು ಕೂಡಿಕೊಳ್ಳುವುದು, ಒಂದರ ಜಾಗವನ್ನು ಇನ್ನೊಂದು ಕಸಿದುಕೊಳ್ಳುವುದು ಎಂದು ಲ್ಯಾಂಬರ್ಟ್ ಎರಡು ಬಗೆಗಳನ್ನು ಗುರುತಿಸಿದರು. ಶಾಲಾಪೂರ್ವ ವಯಸ್ಸಿನಲ್ಲಿ ಎರಡನೆಯದು ಬಹಳ ಬೇಗ ನಡೆಯುತ್ತದೆ. ಲಿಲಿ ವಾಂಗ್ ಫಿಲ್ಮೋರ್ 1991ರಲ್ಲಿ ಪ್ರಕಟಿಸಿದ ಅಮೆರಿಕದ ಸಾವಿರಕ್ಕೂ ಹೆಚ್ಚು ಅಲ್ಪಸಂಖ್ಯಾತ ಭಾಷಿಕ ಕುಟುಂಬಗಳ ಅಧ್ಯಯನದಲ್ಲಿ, ಶಾಲೆಗೆ ಮುನ್ನವೇ ಇಂಗ್ಲಿಷಿನ ಕೇಂದ್ರಗಳಿಗೆ ಹೋದ ಮಕ್ಕಳು ಮನೆಮಾತನ್ನು ತೊರೆದದ್ದು ಕಂಡುಬಂದಿತು. ಇಂಗ್ಲಿಷ್ ಸರಿಯಾಗಿ ಬಾರದ ತಂದೆತಾಯಿಗಳು ಬೆಳೆದ ಮಕ್ಕಳಿಗೆ ಬುದ್ಧಿ ಹೇಳಲೂ ಸಮಾಧಾನ ಮಾಡಲೂ ಮಾತಿಲ್ಲದವರಾದರು. ನಮ್ಮಲ್ಲಿ ತಂದೆತಾಯಿಗಳಿಗೆ ಇಂಗ್ಲಿಷ್ ಬರುತ್ತದೆ, ಆದ್ದರಿಂದ ಆ ಬಿರುಕು ನಮ್ಮ ನಡುವೆ ಒಂದು ತಲೆಮಾರು ಮೇಲೆ, ಅಜ್ಜ-ಅಜ್ಜಿಯರ ಬಳಿ ಕಾಣುತ್ತದೆ. ಇಲ್ಲಿ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಬೇಕೆಂದರೆ, ನಗರದ ಭಾಷೆಗೂ ಇಂಗ್ಲಿಷಿಗೂ ಶಾಲೆ, ಬೀದಿ, ಗೆಳೆಯರು ಎಲ್ಲ ಇದ್ದಾರೆ. ಹೊರನಾಡಿನಲ್ಲಿ ಕನ್ನಡಕ್ಕೆ ಮನೆಯ ಹೊರತು ಬೇರೆ ನೆಲೆಯಿಲ್ಲ.

ಸಂವಿಧಾನದ 350ಎ ವಿಧಿ, 1956ರಲ್ಲಿ ಸೇರಿದ್ದು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯವನ್ನು ಹೇಳುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಿರುವಲ್ಲಿ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತನ್ನು ಮಾಧ್ಯಮವಾಗಿಸಲು ಸೂಚಿಸಿದೆ. "ಸಾಧ್ಯವಿರುವಲ್ಲಿ" ಎಂಬ ಆ ಪದದೊಳಗೆ ಹೊರನಾಡ ಕನ್ನಡಿಗರ ಪಾಲಿಗೆ ಬಹಳ ಸಂಗತಿಗಳು ಅಡಗಿವೆ.

ಅಕ್ಷರ ಕಲಿಸುವ ಅವಸರವೂ ಬೇಡ. ಬೆಂಗಳೂರಿನ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಕನ್ನಡವೇ ಸುತ್ತಲಿರುವ ಮಕ್ಕಳಿಗೂ ಕಾಗುಣಿತ, ಒತ್ತಕ್ಷರಗಳು ಪೂರ್ಣವಾಗಿ ಕೈಗೂಡಲು ಪ್ರಾಥಮಿಕ ಶಾಲೆಯ ಕೆಲವು ವರ್ಷಗಳೇ ಬೇಕು. ನಾಲ್ಕು ವರ್ಷದ ಮಗುವಿಗೆ ಬೇಕಾದದ್ದು ಕಥೆ, ಪ್ರಾಸ, ಒಗಟು, ಮತ್ತು "ಏಕೆ?" ಎಂಬ ಪ್ರಶ್ನೆಗೆ ಕನ್ನಡದಲ್ಲಿ ಸಿಗುವ ಪೂರ್ಣ ಉತ್ತರ. "ಊಟ ಮಾಡು, ಬಾ, ಮಲಗು" ಇಷ್ಟಕ್ಕೇ ಕನ್ನಡವನ್ನು ಮೀಸಲಿಟ್ಟು, ಮಳೆ ಹೇಗೆ ಬರುತ್ತದೆಂಬುದನ್ನು ಇಂಗ್ಲಿಷಿನಲ್ಲಿ ವಿವರಿಸುವ ಮನೆಗಳಲ್ಲಿ ಕನ್ನಡ ಆಲೋಚನೆಯ ಭಾಷೆಯಾಗುವುದಿಲ್ಲ. ರಜೆಯಲ್ಲಿ ಊರಿಗೆ ಕಳುಹಿಸುವ ಹಳೆಯ ಪದ್ಧತಿಗೂ ಆಧಾರವಿದೆ. ಲಿಯೋಪೋಲ್ಡರ ಹಿಲ್ಡೆಗಾರ್ಡ್ ಐದನೆಯ ವಯಸ್ಸಿನಲ್ಲಿ ಜರ್ಮನಿಗೆ ಹೋಗಿ ಕೆಲವು ತಿಂಗಳಿದ್ದಾಗ, ಹಿಂದುಳಿದಿದ್ದ ಅವಳ ಜರ್ಮನ್ ವಾರಗಳಲ್ಲಿ ಚಿಗುರಿ ಮುಂದೆ ಬಂದಿತು. ಮರಳಿ ಬಂದ ಮೇಲೆ ಇಂಗ್ಲಿಷ್ ಮತ್ತೆ ತನ್ನ ಸ್ಥಾನವನ್ನು ಹಿಡಿಯಿತು.

ಮಾತು ನಿಜವಾಗಿಯೂ ತಡವಾಗಿದ್ದರೆ, ಎಂದರೆ ಮೂರು ವರ್ಷವಾದರೂ ಯಾವ ಭಾಷೆಯಲ್ಲಿಯೂ ಸಣ್ಣ ವಾಕ್ಯಗಳು ಬಾರದಿದ್ದರೆ, ಮೊದಲು ಶ್ರವಣ ಪರೀಕ್ಷೆಯನ್ನೂ ಅನಂತರ ವಾಕ್ ಚಿಕಿತ್ಸಕರ ಸಲಹೆಯನ್ನೂ ಪಡೆಯಬೇಕು. ಮುಂಬಯಿಯ ಬಾಂದ್ರಾದಲ್ಲಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ, ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕೆಲಸಕ್ಕಾಗಿಯೇ ಇವೆ. ಒಂದು ಭಾಷೆಯನ್ನು ನಿಲ್ಲಿಸುವುದು ಇದಕ್ಕೆ ಚಿಕಿತ್ಸೆಯಲ್ಲ. ಪರೀಕ್ಷೆಗೆ ಹೋಗುವಾಗ ಮಗು ಕನ್ನಡದಲ್ಲಿ ಆಡುವ ಪದಗಳನ್ನೂ ಹೊರಗಿನ ಭಾಷೆಯಲ್ಲಿ ಆಡುವ ಪದಗಳನ್ನೂ ಬೇರೆ ಬೇರೆಯಾಗಿ ಬರೆದುಕೊಂಡು ಹೋಗುವುದು ಒಳ್ಳೆಯದು. ಮಗುವಿನೊಡನೆ ಹೆಚ್ಚು ಹೊತ್ತು ಇರುವ ಅಜ್ಜಿ ಅಥವಾ ಅಜ್ಜನನ್ನೂ ಜೊತೆಗೆ ಕರೆದೊಯ್ದರೆ ಚಿಕಿತ್ಸಕರಿಗೆ ಸರಿಯಾದ ಮಾಹಿತಿ ದೊರೆಯುತ್ತದೆ.